ಯಜಮಾನನಿಲ್ಲದ ಸಮತೋಲ

ನ್ಯೂಜಿಲೆಂಡಿನ ರೊಟೊಟೂನ ಈಗ ಹ್ಯಾಮಿಲ್ಟನ್ ನಗರದ ಉತ್ತರ ಅಂಚಿನ ಬಡಾವಣೆ. ಸುತ್ತಲಿನ ವೈಕಾಟೊ ಸೀಮೆಯಲ್ಲಿ ಹಿಂದೆ ಜೌಗು ನೆಲವೇ ಹೆಚ್ಚು. ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ಹಸುಗಳು ಮೇಯತೊಡಗಿದವು. ಹಾವುಮೀನುಗಳು ಮಾತ್ರ ಆ ಸೀಮೆಯ ತೊರೆ, ಕಾಲುವೆಗಳನ್ನು ಇನ್ನೂ ಬಿಟ್ಟಿಲ್ಲ. 1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯ ಬಗ್ಗೆ ಬರೆದ ಪುಸ್ತಕದಲ್ಲೂ ಹಾವುಮೀನು ಬರುತ್ತದೆ. ಅದರ ಹೃದಯವನ್ನು ಹೊರತೆಗೆದರೂ, ತುಂಡು ಮಾಡಿದರೂ ಮಿಡಿತ ನಿಲ್ಲಲಿಲ್ಲ. ತಮಾಷೆಯೆಂದರೆ, ಅದೇ ಪುಸ್ತಕವನ್ನು ದೊರೆ ಒಂದನೇ ಚಾರ್ಲ್ಸ್‌ಗೆ ಅರ್ಪಿಸುತ್ತ ಹಾರ್ವೆ ಹೃದಯವನ್ನು ರಾಜನಿಗೆ ಹೋಲಿಸಿದ. ಹೃದಯ ತಾನಾಗಿ ಮಿಡಿಯುತ್ತದೆ, ನಿಜ. ಆದರೆ ಎಷ್ಟು ರಕ್ತ ಹರಿಯಬೇಕೆಂದು ಆಜ್ಞೆ ಮಾಡುವುದೂ ಅದೇನಾ?

ಒಂದು ಸಣ್ಣ ಲೆಕ್ಕ ನೋಡಿ. ವಿಶ್ರಾಂತಿಯಲ್ಲಿರುವ ಹೃದಯ ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರಿನಷ್ಟು ರಕ್ತ ಹೊರಹಾಕುತ್ತದೆ. ಬಲ ಹೃತ್ಕುಕ್ಷಿ ಎಡದ್ದಕ್ಕಿಂತ ಮಿಡಿತಕ್ಕೆ ಒಂದೇ ಮಿಲಿಲೀಟರ್ ಹೆಚ್ಚು ತಳ್ಳಿತೆನ್ನಿ: ನಿಮಿಷಕ್ಕೆ 70 ಮಿಲಿಲೀಟರ್, ಗಂಟೆಗೆ 4.2 ಲೀಟರ್ ರಕ್ತ ಶ್ವಾಸಕೋಶದಲ್ಲಿ ಸೇರಬೇಕು. ಅಲ್ಲಿ ಸಾಮಾನ್ಯವಾಗಿ ಇರುವುದೇ ಅರ್ಧ ಲೀಟರ್. ಇಷ್ಟು ಬಿಗಿಯಾದ ಲೆಕ್ಕವನ್ನು ಯಾರೋ ಕೂತು ಬರೆಯುತ್ತಿರಬೇಕು ಎಂದು ಅನ್ನಿಸುವುದು ಸಹಜ.

ಯಾರೂ ಬರೆಯುತ್ತಿಲ್ಲ.

1895ರಲ್ಲಿ ಒಟ್ಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿ, 1914ರ ಹೊತ್ತಿಗೆ ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಸಂಗಡಿಗರು ನಾಯಿಯ ಹೃದಯದಲ್ಲಿ ಕಂಡದ್ದು ಇದು: ಹೆಚ್ಚು ರಕ್ತ ಬಂದು ಸ್ನಾಯು ಹಿಗ್ಗಿದರೆ ಮುಂದಿನ ಸಂಕೋಚನವೂ ಬಲವಾಗುತ್ತದೆ. ಬಲಭಾಗ ಹೆಚ್ಚು ಕಳಿಸಿದರೆ ಎಡಭಾಗ ಹಿಗ್ಗುತ್ತದೆ, ಕೆಲವೇ ಮಿಡಿತಗಳಲ್ಲಿ ಅದೂ ಅಷ್ಟನ್ನೇ ಕಳಿಸುತ್ತದೆ. ಮಿದುಳಿನ ಅಪ್ಪಣೆ ಇದಕ್ಕೆ ಬೇಕಿಲ್ಲ. ಬದಲಿ ಹೃದಯ ಪಡೆದವರೇ ಇದಕ್ಕೆ ಸಾಕ್ಷಿ. ನ್ಯೂಜಿಲೆಂಡಿನಲ್ಲಿ ಆ ಶಸ್ತ್ರಚಿಕಿತ್ಸೆ 1987ರಲ್ಲಿ ಆಕ್ಲೆಂಡಿನ ಗ್ರೀನ್ ಲೇನ್ ಆಸ್ಪತ್ರೆಯಲ್ಲಿ ಶುರುವಾಯಿತು. ಕಸಿಮಾಡಿದ ಹೃದಯದ ನರಗಳು ಕತ್ತರಿಸಿಹೋಗಿರುತ್ತವೆ. ಆದರೂ ಆ ವ್ಯಕ್ತಿ ನಡೆಯತೊಡಗಿದಾಗ ಮರಳುವ ರಕ್ತ ಹೆಚ್ಚುತ್ತದೆ, ಹೃದಯ ಹಿಗ್ಗುತ್ತದೆ, ಹೊರಹರಿವು ಏರುತ್ತದೆ. ಮಿಡಿತದ ವೇಗ ಹೆಚ್ಚುವುದು ನಿಧಾನವಾಗಿ, ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್ ಮುಟ್ಟಿದ ಮೇಲೆ.

ಹಾಗಾದರೆ ಮರಳುವ ರಕ್ತವೇ ಯಜಮಾನನೇ? ಅಮೆರಿಕದ ಆರ್ಥರ್ ಗೈಟನ್ 1950ರ ದಶಕದಲ್ಲಿ ಹೆಚ್ಚುಕಡಿಮೆ ಆ ಕಡೆಗೇ ವಾಲಿದ. ದೇಹದ ರಕ್ತದ ಮೂರರಲ್ಲಿ ಎರಡು ಪಾಲಿನಷ್ಟು ಅಭಿಧಮನಿಗಳಲ್ಲಿದೆ. ಹೃದಯ ನಿಂತರೂ ನಾಳಗಳಲ್ಲಿ ಪಾದರಸದ 7 ಮಿಲಿಮೀಟರಿನಷ್ಟು ಒತ್ತಡ ಉಳಿಯುತ್ತದೆ. ರಕ್ತವನ್ನು ಬಲ ಹೃತ್ಕರ್ಣಕ್ಕೆ ತರುವುದು ಆ ಪುಟ್ಟ ಒತ್ತಡ ಎಂಬುದು ಅವನ ವಾದ. ವಿಮರ್ಶಕರು ಸುಮ್ಮನಿರಲಿಲ್ಲ: ಆ ರಕ್ತವನ್ನು ಅಲ್ಲಿಗೆ ತಲುಪಿಸಿದ್ದು ಹೃದಯವೇ ತಾನೇ?

ಈ ಜಗಳದಲ್ಲಿ ಎರಡೂ ಕಡೆಯವರು ಒಂದು ಸಮೀಕರಣದಿಂದ ಕಾರಣವನ್ನು ಹಿಂಡಲು ಹೊರಟಂತಿದೆ. ಮುಚ್ಚಿದ ವರ್ತುಲದಲ್ಲಿ ಹೋದಷ್ಟೇ ಬರಬೇಕು. ಆ ಸಮಾನತೆ ಯಾರ ಸಾಧನೆಯೂ ಅಲ್ಲ. ವಿವರಣೆ ಬೇಕಿರುವುದು ಎರಡೂ 5 ಲೀಟರಿನಲ್ಲಿ ಏಕೆ ಸಂಧಿಸುತ್ತವೆ, 3ರಲ್ಲೋ 15ರಲ್ಲೋ ಏಕಲ್ಲ ಎಂಬುದಕ್ಕೆ. ಅಲ್ಲಿ ಪಾಲುದಾರರು ಹಲವರು. ಆಮ್ಲಜನಕ ಬೇಡುವ ಸ್ನಾಯು ತನ್ನ ನಾಳಗಳನ್ನು ತಾನೇ ಅಗಲಿಸಿಕೊಳ್ಳುತ್ತದೆ. ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಕೆಳಹೊಟ್ಟೆಯತ್ತ ಇಳಿಯುತ್ತದೆ. ನಡೆದರೆ ಮೀನಖಂಡ ಅದನ್ನು ಕವಾಟ ದಾಟಿಸಿ ಮೇಲೇರಿಸುತ್ತದೆ. (ಹಾವುಮೀನಿನ ಬಾಲದಲ್ಲಿ ಇದೇ ಬಗೆಯ ಕೆಲಸಕ್ಕೆಂದು ಪುಟ್ಟ ದುಗ್ಧರಸ ಹೃದಯವೇ ಇದೆ.)

ತೀವ್ರನಿಗಾ ಘಟಕದ ವೈದ್ಯರಿಗೆ ಇದು ಬರಿಯ ತತ್ವಚರ್ಚೆಯಲ್ಲ. ರಕ್ತದೊತ್ತಡ ಕುಸಿದ ರೋಗಿಗೆ ಸಲೈನ್ ಏರಿಸಬೇಕೇ, ಹೃದಯಕ್ಕೆ ಬಲ ಕೊಡುವ ಔಷಧಿಯೇ? ಸೋತು ಹಿಗ್ಗಿದ ಹೃದಯಕ್ಕೆ ಇನ್ನಷ್ಟು ದ್ರವ ತುಂಬಿದರೆ ಹೊರಹರಿವು ಏರುವುದಿಲ್ಲ, ಶ್ವಾಸಕೋಶ ಒದ್ದೆಯಾಗುತ್ತದೆ. ಅದಕ್ಕೇ ಹಲವು ಕಡೆ ಮೊದಲು ರೋಗಿಯ ಕಾಲುಗಳನ್ನು ಎತ್ತಿ ಹಿಡಿಯುತ್ತಾರೆ. ಸುಮಾರು 300 ಮಿಲಿಲೀಟರ್ ರಕ್ತ ಎದೆಯತ್ತ ಸರಿಯುತ್ತದೆ. ಒಂದು ನಿಮಿಷದೊಳಗೆ ಹೊರಹರಿವು ಏರಿದರೆ ಸಲೈನ್. ಏರದಿದ್ದರೆ ಕಾಲು ಇಳಿಸಿ ಬೇರೆ ದಾರಿ ಹುಡುಕುತ್ತಾರೆ.