ಕಾಂಟ್ ಎದುರಿಸಿದ ಅನಾಮಿಕ ವಿಮರ್ಶೆ

1781ರಲ್ಲಿ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಹೊರಬಂದಾಗ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ಗೆ 57 ವರ್ಷ. ‘ಕ್ರಿಟಿಕ್’ ಎಂದೊಡನೆ ಹಲವರಿಗೆ ನೆನಪಾಗುವುದು ತಪ್ಪು ಹುಡುಕುವ ಕೆಲಸ. ಕಾಂಟ್ ಹೊರಟದ್ದು ಬೇರೊಂದಕ್ಕೆ: ಬುದ್ಧಿ ಏನನ್ನು ತಿಳಿಯಬಲ್ಲದು, ಅದರ ಎಲ್ಲೆ ಎಲ್ಲಿ ಎಂಬ ತಪಾಸಣೆಗೆ. ದೇವರ ಇರವನ್ನು ಶುದ್ಧ ತರ್ಕದಿಂದ ಸಾಬೀತು ಮಾಡಲಾಗದು, ಅಲ್ಲಗಳೆಯಲೂ ಆಗದು ಎಂದ.

ಆ ತಪಾಸಣೆಯೇ ತಪಾಸಣೆಗೆ ಒಳಗಾಯಿತು.

1782ರ ಜನವರಿಯಲ್ಲಿ ಗೋಟಿಂಗನ್‌ನ ಪತ್ರಿಕೆಯೊಂದು ಹೆಸರಿಲ್ಲದ ವಿಮರ್ಶೆ ಅಚ್ಚು ಹಾಕಿತು. ಕಾಂಟ್‌ನದೂ ವಸ್ತುಗಳು ಮನಸ್ಸಿನ ಭಾವನೆಗಳಷ್ಟೇ ಎಂಬ ತತ್ತ್ವಜ್ಞಾನಿ ಬರ್ಕ್ಲಿಯ ಜಾತಿಯ ಭಾವನಾವಾದವೇ ಎಂಬುದು ಅದರ ಧಾಟಿ. ಕೆರಳಿದ ಕಾಂಟ್ ಮರುವರ್ಷದ ‘ಪ್ರೊಲೆಗೊಮೆನ’ ಕೃತಿಯಲ್ಲಿ, ಪರೀಕ್ಷೆಗೂ ಮೊದಲೇ ತೀರ್ಪು ಬಂದಿದೆ ಎಂದು ದೂರಿದ, ಬರೆದವನು ಹೆಸರು ಹೇಳಲಿ ಎಂದು ಸವಾಲೆಸೆದ.

ಮುಂದೆ ಬಂದವನು ತತ್ತ್ವಜ್ಞಾನಿ ಕ್ರಿಸ್ಟಿಯಾನ್ ಗಾರ್ವೆ. ತನ್ನ ಬರಹವನ್ನು ವಿಪರೀತ ಕತ್ತರಿಸಿ, ತಿದ್ದಿ ಅಚ್ಚು ಹಾಕಲಾಗಿದೆ ಎಂದು ಅವನು ಕಾಂಟ್‌ಗೆ ಪತ್ರ ಬರೆದ. ಪತ್ರಿಕೆಗಾಗಿ ತಿದ್ದಿದವನು ಗೋಟಿಂಗನ್‌ನ ತತ್ತ್ವಜ್ಞಾನಿ ಫೆಡರ್. ಕಾಂಟ್ ಸೌಜನ್ಯದಿಂದಲೇ ಉತ್ತರಿಸಿದ.

ಇನ್ನೊಬ್ಬರ ಕೆಲಸವನ್ನು ತೂಗುವವನು, ಅದು ಯಾವ ಪ್ರಶ್ನೆಯ ಬೆನ್ನು ಹತ್ತಿದೆ ಎಂದು ಮೊದಲು ತಿಳಿಯಬೇಡವೇ? ಕಾಂಟ್‌ನ ದೂರಿನ ತಿರುಳು ಇದು. ಆದರೂ ಆ ವಿಮರ್ಶೆ ವ್ಯರ್ಥವಾಗಲಿಲ್ಲ. ‘ಕ್ರಿಟಿಕ್’ನ 1787ರ ಎರಡನೇ ಆವೃತ್ತಿಯಲ್ಲಿ ಅವನು ಭಾವನಾವಾದದ ಖಂಡನೆಗೆಂದೇ ಹೊಸ ಭಾಗವೊಂದನ್ನು ಸೇರಿಸಿದ.