ಆನೆ ಬರಾಕ್ ಮುಂಚೆ

ಸಕಲೇಶಪುರದ ಹಿಸ್ಟರಿ ಎಂದರೆ ಮಂಜರಾಬಾದ್ ಕೋಟೆ, ಮಿಕ್ಕಿದ್ದೆಲ್ಲ ಕಾಡು, ಕಾಫಿ. ಹೀಗೆಂದ ಗೆಳೆಯರೊಬ್ಬರ ಮೇಲೆ ನನಗಿನ್ನೂ ಸಿಟ್ಟಿದೆ. ಅವರು ಓದಿಕೊಂಡವರು, ಬೆಂಬಲಕ್ಕೆ ಆರ್.ಜಿ. ಕಾಲಿಂಗ್‌ವುಡ್‌ನನ್ನು ಕರೆತಂದರು. ಅವನು ಸತ್ತ ಮೇಲೆ, 1946ರಲ್ಲಿ, ಹೊರಬಂದ ‘ದಿ ಐಡಿಯಾ ಆಫ್ ಹಿಸ್ಟರಿ’ಯ ವಾದವಿಷ್ಟು: ಚರಿತ್ರೆಯೆಲ್ಲ ಆಲೋಚನೆಯ ಚರಿತ್ರೆ. ಹಿಂದಿನವರು ಯೋಚಿಸಿದ್ದನ್ನು ನಾವು ಮತ್ತೆ ಯೋಚಿಸಬಲ್ಲೆವಾದರೆ ಅದು ಚರಿತ್ರೆ. ಮಳೆ, ನೆರೆ, ಮೃಗಗಳ ಓಡಾಟಕ್ಕೆ ಒಳಗು ಎಂಬುದಿಲ್ಲ. ಅವು ಸುಮ್ಮನೆ ನಡೆಯುತ್ತವೆ.

ಪಾಂಡವರು ಬಂದು ಹೋದರೆನ್ನುವ ಸ್ಥಳಪುರಾಣವಾಗಲಿ, ಹೊಯ್ಸಳ, ವಿಜಯನಗರ, ಪಾಳೇಗಾರ ಎಂದು ಪಟ್ಟಿ ಒಪ್ಪಿಸುವ ಕ್ರಮವಾಗಲಿ ನನ್ನನ್ನು ಕೆಣಕುವುದಿಲ್ಲ, ಅವಕ್ಕೊಂದು ನಮಸ್ಕಾರ. ಕಾಲಿಂಗ್‌ವುಡ್ ಕೆಣಕುತ್ತಾನೆ, ಯಾಕೆಂದರೆ ಕೋಟೆಯ ಮಟ್ಟಿಗೆ ಅವನು ಹೇಳುವುದು ನಿಜ. 1792ರಲ್ಲಿ ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಎಂಟು ಮೂಲೆಗಳಲ್ಲಿ ಸುತ್ತುವಾಗ, ಫಿರಂಗಿ ಎಲ್ಲಿಂದ ಹೊಡೆದೀತು, ಮಂಗಳೂರಿನ ಕಡೆಯಿಂದ ಘಾಟಿ ಹತ್ತಿ ಬರುವವರು ಯಾವ ಮೂಲೆಗೆ ಕಂಡಾರು ಎಂದು ಕಟ್ಟಿಸಿದವನ ಲೆಕ್ಕವನ್ನೇ ನಾನೂ ಹಾಕತೊಡಗುತ್ತೇನೆ.

ಆದರೆ ಆಲೂರಿನ ಕಡೆ ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತ, ಎದುರಿಗೆ ಬೀಳು ಬಿದ್ದ ಗದ್ದೆಯಲ್ಲಿ ಭತ್ತ ಬೆಳೆಯುತ್ತಿದ್ದುದು ಯಾವಾಗ ಎಂದು ಕೇಳಿದೆ. “ಅದಾ? ಆನೆ ಬರಾಕ್ ಮುಂಚೆ” ಎಂದರು ಯಜಮಾನರು. ಇಸವಿ ಹೇಳಲಿಲ್ಲ, ಅಲ್ಲಿ ಕೂತಿದ್ದ ಯಾರಿಗೂ ಇಸವಿ ಬೇಕಿರಲಿಲ್ಲ. ಅವರ ಕಾಲವನ್ನು ಎರಡಾಗಿ ಸೀಳಿದ್ದು ಟಿಪ್ಪುವಲ್ಲ, ಆನೆ.

ಕಾಲಿಂಗ್‌ವುಡ್ ಇಲ್ಲಿ ನಕ್ಕಾನು. ಆನೆ ಸುಮ್ಮನೆ ಬಂತೆ? ಕಾಡು ತೋಟವಾಯಿತು, 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿಯ ಹಿನ್ನೀರು ಹಬ್ಬಿತು. ಹೈಕೋರ್ಟ್ ನೇಮಿಸಿದ ಕಾರ್ಯಪಡೆ 2012ರಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದಿತು, 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಎಲ್ಲವೂ ಮನುಷ್ಯರ ತೀರ್ಮಾನ, ಅಂದರೆ ಅವನ ಚರಿತ್ರೆಯೇ. ಒಪ್ಪಲೇಬೇಕು. (ಆನೆಗಳ ಕಾಟ ಮಾತ್ರ ನಿಂತಿಲ್ಲ.)

ಹಾಗಾದರೆ ಐಗೂರಿನ ಪಾಳೇಗಾರ ವೆಂಕಟಾದ್ರಿ ನಾಯಕನ ಗತಿ? ಅವನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಗಲ್ಲಿಗೇರಿಸಿದ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. ವೆಲ್ಲೆಸ್ಲಿಯ ಪತ್ರಗಳು ಸಂಪುಟಗಟ್ಟಲೆ ಅಚ್ಚಾಗಿವೆ. ನಾಯಕ ಏನು ಯೋಚಿಸಿದ ಎಂದು ತಿಳಿಯಬೇಕಾದರೆ ಅವನನ್ನು ಕೊಲ್ಲಿಸಿದವನ ಕಾಗದವನ್ನೇ ಓದಬೇಕು. ಇದು ನನ್ನ ಗಟ್ಟಿ ವಾದ ಎಂದುಕೊಂಡಿದ್ದೆ. ಆದರೆ ಕಾಲಿಂಗ್‌ವುಡ್ ಕುರ್ಚಿಯಲ್ಲಿ ಕೂತು ಬರೆದವನಲ್ಲ. ರೋಮನ್ನರ ಕಾಲದ ಬ್ರಿಟನ್ನಿನ ಶಾಸನಗಳನ್ನು ಊರೂರು ತಿರುಗಿ ನಕಲು ಮಾಡಿಕೊಂಡವನು. ಗೆದ್ದವರ ಬರಹವನ್ನು ಪಾಟೀಸವಾಲು ಮಾಡಿ ಸೋತವರನ್ನು ಹುಡುಕುವ ಕೆಲಸ ಅವನಿಗೆ ಹೊಸದಲ್ಲ.

ಉಳಿದವರು ಕೋಟೆಗೆ ಕಲ್ಲು ಹೊತ್ತವರು, ತೋಟದ ಲೈನ್ ಮನೆಗಳಲ್ಲಿ ಹುಟ್ಟಿ ಸತ್ತವರು. ಅವರನ್ನು ಪಾಟೀಸವಾಲಿಗೂ ಸಿಕ್ಕುವಂತೆ ಯಾರೂ ಬರೆದಿಟ್ಟಿಲ್ಲ. ಅವರ ಮನಸ್ಸನ್ನು ನಾನು ಊಹಿಸಿದರೆ ಅದು ನನ್ನದೇ ಆಲೋಚನೆ; ಊಹಿಸದೆ ಬಿಟ್ಟರೆ ಅವರನ್ನೂ ಮಳೆಯ ಸಾಲಿಗೆ ಸೇರಿಸಿದಂತೆ. ಇದನ್ನು ಗೆಳೆಯರಿಗೆ ಹೇಳಿದರೆ, ಹಾಗಾದರೆ ಕೋಟೆಯೊಂದೇ ಹಿಸ್ಟರಿ ಅಂತ ನೀವೂ ಒಪ್ಪಿದಿರಿ ಎನ್ನುತ್ತಾರೆ. ಒಪ್ಪಿಲ್ಲ. ಯಾಕೆ ಒಪ್ಪಿಲ್ಲವೆಂದು ಕೇಳಿದರೆ, ಸದ್ಯಕ್ಕೆ ನನ್ನಲ್ಲಿ ವಾದಕ್ಕಿಂತ ಹಟವೇ ಹೆಚ್ಚಿದೆ.