ಆಕಾಶದ ತೂಬುಗಳು



ನಮ್ಮ ಕನ್ನಡದಲ್ಲಿ ಧಾರೆ ಎಂಬ ಮಾತು ಸುರಿಯುವ ಮಳೆಗೂ ಸಲ್ಲುವದು, ಈ ದೇಶದ ಮದುವೆಗಳಲ್ಲಿ ಕನ್ಯೆಯನ್ನು ಒಪ್ಪಿಸುವಾಗ ಎರೆಯುವ ನೀರಿಗೂ ಸಲ್ಲುವದು, ಕತ್ತಿಯ ಅಲಗಿಗೂ ಸಲ್ಲುವದು. ಬೀಳುವ ನೀರಿನ ಒಂದೇ ಹೆಸರು ಹೀಗೆ ಹಲವು ಅರ್ಥಗಳನ್ನು ಹೊರುವದು ಬೇರೆ ಭಾಷೆಗಳಲ್ಲಿಯೂ ಉಂಟು.

ಗ್ರೀಕಿನಲ್ಲಿ ಕತರ್ರಾಕ್ತೇಸ್ ಎಂಬ ಪದವಿದೆ. ಕೆಳಕ್ಕೆ ಅಪ್ಪಳಿಸುವಂಥದ್ದು ಎಂಬದೇ ಅದರ ಮೂಲಾರ್ಥ. ಆಸ್ವಾನಿನಿಂದ ಖಾರ್ತೂಮಿನ ವರೆಗೆ ನೈಲ್ ನದಿಯು ಬಂಡೆಗಳ ನಡುವೆ ಭೋರ್ಗರೆಯುವ 6 ಸ್ಥಳಗಳಿಗೆ ಈ ಹೆಸರು ಬಂದಿದೆ. ನೀರಿಗೆ ಎರಗುವ ಕಡಲಹಕ್ಕಿಯನ್ನೂ, ಕೋಟೆಯ ಬಾಗಿಲಲ್ಲಿ ಶತ್ರುವಿಗೆ ಅಡ್ಡವಾಗಿ ಮೇಲಿನಿಂದ ಇಳಿಬಿಡುವ ಭಾರವಾದ ಕದವನ್ನೂ ಹಾಗೆಯೇ ಕರೆದರು.

ಕ್ರಿ. ಪೂ. 3ನೆಯ ಶತಮಾನದಲ್ಲಿ ಆರಂಭವಾದ ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ ಈ ಪದವನ್ನು ನೋಡಿರಿ. ನೋಹನ ಕಾಲದಲ್ಲಿ ಜಲಪ್ರಳಯಕ್ಕಾಗಿ ಆಕಾಶದಲ್ಲಿ ತೆರೆದವುಗಳಿಗೆ ಇದೇ ಹೆಸರು (ಆದಿಕಾಂಡ 7:11). ದುಃಖಿತನ ಕಿವಿಯಲ್ಲಿ ಮೊರೆಯುವ ನೀರಿಗೆ ಇದೇ ಹೆಸರು (ಕೀರ್ತನೆ 42:7). ದಶಮಾಂಶವನ್ನು ಭಂಡಾರಕ್ಕೆ ತಂದವರ ಮೇಲೆ ಆಶೀರ್ವಾದವು ಸುರಿಯುವಂತೆ ತೆರೆಯುವವುಗಳಿಗೂ ಇದೇ ಹೆಸರು (ಮಲಾಕಿಯ 3:10). ಕೆರೆಯ ತೂಬಿನಿಂದಲೇ ಗದ್ದೆ ಹಸುರಾಗುವದು; ಅದು ಒಡೆದರೆ ಗದ್ದೆ ಕೊಚ್ಚಿಹೋಗುವದು. ಆಕಾಶದ ತೂಬುಗಳನ್ನು ತೆರೆಯುವಾತನೂ ಮುಚ್ಚುವಾತನೂ ಕರ್ತನೊಬ್ಬನೇ.

ಇನ್ನೊಂದು ಅರ್ಥವು ನಮ್ಮನ್ನು ನಾಚಿಸುತ್ತದೆ. ಮುದುಕರ ಕಣ್ಣು ಮಬ್ಬಾಗುವದನ್ನು ಅರಬ್ಬೀ ವೈದ್ಯರು ಕಣ್ಣಿಗೆ ನೀರಿಳಿಯುವದು ಎಂದರು. 11ನೆಯ ಶತಮಾನದಲ್ಲಿ ಅವರ ಗ್ರಂಥಗಳು ಲತೀನ್ ಭಾಷೆಗೆ ಬಂದಾಗ ಆ ವ್ಯಾಧಿಗೂ ಕತರಾಕ್ತ ಎಂಬ ಹೆಸರು ನಿಂತಿತು. ನಾವು ಅದನ್ನು ಕಣ್ಣಿನ ಪೊರೆ ಎನ್ನುತ್ತೇವೆ. ಅಲ್ಲಿ ನೀರೂ ಇಳಿಯುವದಿಲ್ಲ, ಪೊರೆಯೂ ಬೆಳೆಯುವದಿಲ್ಲ. ಕಣ್ಣೊಳಗಿನ ಮಸೂರವೇ ಮಬ್ಬಾಗುವದೆಂದು ಫ್ರಾನ್ಸಿನ ವೈದ್ಯನಾದ ಬ್ರಿಸ್ಸೋ 1705ರಲ್ಲಿ ಕಂಡನು. ಇಂದು ಆ ಮಸೂರವನ್ನು ತೆಗೆದು ಬೇರೊಂದನ್ನು ಇಡುತ್ತಾರೆ. ಸಾಮಾನ್ಯವಾಗಿ ಒಂದು ತಾಸು ಸಹ ಹಿಡಿಯುವದಿಲ್ಲ. ಆದರೂ ಲೋಕದ ಕುರುಡುತನಕ್ಕೆ ಇದೇ ಮೊದಲನೆಯ ಕಾರಣವಾಗಿ ಉಳಿದಿದೆ.

ನಾವು ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಗೋಡೆಯನ್ನು ಸವರಿಕೊಂಡು ಆಲಯಕ್ಕೆ ಬರುತ್ತಿದ್ದ ಒಬ್ಬ ಅಜ್ಜಿಗೆ, ಇದು ವಯಸ್ಸಿನ ಧರ್ಮ, ದೇವರ ಚಿತ್ತ ಎಂದು ಹೇಳಿ ಪ್ರಾರ್ಥಿಸಿ ಕಳುಹಿಸಿದೆವು. 3 ವರುಷಗಳ ಮೇಲೆ ನೆರೆಮನೆಯ ಹುಡುಗನು ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದನು. ಮರಳಿ ಬಂದ ಆಕೆಯು ನಮ್ಮ ಮುಖವನ್ನು ದಿಟ್ಟಿಸಿ, ಅಯ್ಯಾ, ನಿಮ್ಮ ತಲೆ ನರೆತಿದೆಯಲ್ಲಾ ಎಂದು ನಕ್ಕಳು. ನಾವು ನಗಲಾರದೆ ಹೋದೆವು.

ಪ್ರಿಯರೇ, ಆಕಾಶದ ತೂಬು ನಮ್ಮ ಕೈಯಲ್ಲಿಲ್ಲ. ಮುದುಕರ ಕಣ್ಣಿನ ಮೇಲೆ ಬಿದ್ದ ಕದವನ್ನು ಎತ್ತಿಸುವದಾದರೋ ನಮ್ಮ ಕೈಯಲ್ಲಿದೆ. ಈ ಸುಗ್ಗಿಯ ಕಾಣಿಕೆಯಲ್ಲಿ ಒಬ್ಬ ಮುದುಕನ ದಾರಿಯ ಖರ್ಚು ಸೇರಲಿ. ಒಬ್ಬ ಯೌವನಸ್ಥನು ಆತನ ಜೊತೆಗೆ ಹೋಗಲಿ. ಅದರ ತರುವಾಯ ಮಳೆಗಾಗಿ ಪ್ರಾರ್ಥಿಸೋಣ. ಆಮೆನ್.